ಲಕ್ಷ್ಮೇಶ್ವರವೇ ನಮ್ಮ ಕಾಕಾನ ಸಿಂಗಾಪುರ

ತಡೀರಿ, ತಡೀರಿ, ಪುಟ ತಿರುವಬೇಡಿ! ಒಲೆಯ ಮೇಲೆ ಹಾಲಿಟ್ಟಿದ್ದರೆ ಆರಿಸಿ ಬನ್ನಿ, ನಾನು ಕಾಯುತ್ತೇನೆ. ಯಾಕೆಂದರೆ ಇಂಥ ಮನುಷ್ಯ ನಿಮಗೆ ಇನ್ನೆಲ್ಲೂ ಸಿಗುವುದಿಲ್ಲ. ಸಿಂಗಾಪುರದ ಇಬ್ಬರು ವ್ಯಾಪಾರಿಗಳು ಕರಾರು ಮುರಿದುಕೊಂಡು ಕಿತ್ತಾಡಿದರೆ, ಕೋರ್ಟಿನ ಮೆಟ್ಟಿಲು ಹತ್ತದೆ ಅದನ್ನು ಹೇಗೆ ಮುಗಿಸುತ್ತಾರೆ? ನಮ್ಮ ಕಾಕಾನನ್ನು ಕೇಳಿ, ಹೇಳುತ್ತಾರೆ. ಲಂಡನ್ನಿನಲ್ಲಿ? ಹೇಳುತ್ತಾರೆ. ಜಪಾನಿನಲ್ಲಿ? ನೀವು ಸಾಕು ಎಂದರೂ ಹೇಳುತ್ತಾರೆ! ಆದರೆ ಗದಗಿನಿಂದ ಬೆಟಗೇರಿಗೆ ಹೋಗಿ ಒಬ್ಬ ದೋಸ್ತನ ಜೊತೆ ಎರಡು ಮಾತಾಡಿ ಬರುವುದು ಹೇಗೆ? ಅದೊಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ನಾವು ಗದಗ-ಬೆಟಗೇರಿ ಎಂದು ಒಂದೇ ಉಸಿರಿನಲ್ಲಿ ಹೇಳುವವರು. ಧೂಳು ಒಂದೇ, ಬಿಸಿಲು ಒಂದೇ, ನಗರಸಭೆಯೂ ಒಂದೇ. ನಮ್ಮಪ್ಪನ ತಮ್ಮನಾದ ಈ ಕಾಕಾ ಇರುವುದು ಗದಗಿನಲ್ಲಿ, ಅವರ ದೋಸ್ತ ಇರುವುದು ಬೆಟಗೇರಿಯಲ್ಲಿ. ಇಬ್ಬರೂ ಕೂಡಿ ಬೆಟಗೇರಿಯಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ ನಡೆಸುತ್ತಿದ್ದರು. ಲಗ್ನಪತ್ರಿಕೆ, ಬಿಲ್ ಬುಕ್ಕು, ಖಾರಪುಡಿ ಪಾಕೀಟಿನ ಲೇಬಲ್ಲು, ಏನು ತಂದರೂ ಅಚ್ಚಾಗುತ್ತಿತ್ತು. ಕಾಕಾನ ದೋಸ್ತನನ್ನು ನಾನು ಚಿಕ್ಕಂದಿನಿಂದ 'ದೋಸ್ತ ಮಾಮಾ' ಎಂದೇ ಕರೆದವಳು. ಅವರ ಖರೆ ಹೆಸರು ನನಗೆ ಗೊತ್ತಾಗಿದ್ದೇ ಕಾಕಾ ಅವರಿಗೆ ಕಳಿಸಿದ ನೋಟಿಸು ಓದಿದಾಗ!

ನೋಟಿಸು ಯಾಕೆ ಹೋಯಿತು ಅಂತೀರಾ? ಒಂದು ಮಷಿನ್ನಿನಿಂದ.

ಪ್ರೆಸ್ಸಿನಲ್ಲಿ ಹಳೆಯ ಟ್ರೆಡಲ್ ಮಷಿನ್ ಒಂದಿತ್ತು. ಕಾಲಲ್ಲಿ ತುಳಿದರೆ ಅದು ಮೊಸಳೆಯ ಹಾಗೆ ಬಾಯಿ ತೆರೆಯುತ್ತಿತ್ತು. ತೆರೆದಾಗ ಒಳಗೆ ಹಾಳೆ ಇಟ್ಟು, ಮುಚ್ಚುವುದರೊಳಗೆ ಕೈ ಹೊರಗೆಳೆಯಬೇಕು. ಓಣಿಗೆಲ್ಲ ಕೇಳುವಂತೆ ಗಡಗಡ ಸದ್ದು. ಹೊಸ ಆಫ್‌ಸೆಟ್ ಮಷಿನ್ ಬಂದ ಮೇಲೂ ಕಾಕಾ ಇದನ್ನು ಬಿಡಲಿಲ್ಲ. ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ದಸರೆಗೆ ಅದಕ್ಕೆ ಹಾಕುವ ಹಾರ ಕಾಕಾನ ಹೆಂಡತಿ, ನಮ್ಮ ಕಾಕುವಿನ ಮುಡಿಯ ಮಾಲೆಗಿಂತ ದೊಡ್ಡದಿರುತ್ತಿತ್ತು. ಹೀಗಿರುವಾಗ ಕಾಕಾ ಒಂದು ಲಗ್ನಕ್ಕೆಂದು ಹೋಗಿ ಬರುವುದರೊಳಗೆ ದೋಸ್ತ ಮಾಮಾ ಆ ಮಷಿನ್ನನ್ನು ಗುಜರಿಯವರಿಗೆ ಮಾರಿಬಿಟ್ಟಿದ್ದರು! ಹೇಳಿಲ್ಲ, ಕೇಳಿಲ್ಲ. 'ಇಬ್ಬರ ಸಹಿ ಇಲ್ಲದೆ ಪ್ರೆಸ್ಸಿನ ಯಾವ ಸಾಮಾನನ್ನೂ ಮಾರತಕ್ಕದ್ದಲ್ಲ' ಎಂದು ಪಾಲುದಾರಿಕೆಯ ಕರಾರಿನಲ್ಲೇ ಇತ್ತು. ಬರೆದವರೂ ಕಾಕಾನೇ.

ಅದೇ ಕರಾರಿನಲ್ಲಿ ತಕರಾರಿಗೂ ಒಂದು ಕಲಮು ಇತ್ತು. ಉಭಯತರು ಮೊದಲು ಕೂತು ಮಾತಾಡತಕ್ಕದ್ದು. ಬಗೆಹರಿಯದಿದ್ದರೆ ಇಬ್ಬರಿಗೂ ಒಪ್ಪಿಗೆಯಾದ ಮಧ್ಯಸ್ಥರ ಮುಂದೆ, ಇಬ್ಬರಿಗೂ ಒಪ್ಪಿಗೆಯಾದ ಊರಿನಲ್ಲಿ ಹೋಗತಕ್ಕದ್ದು.

ಕಾಕು ಓದಿಸಿ ಕೇಳಿ, "ಮೊದಲನೇದ್ದು ಮಾಡ್ರಲಾ! ಹೋಗಿ ಮಾತಾಡ್ಕೊಂಡು ಬರ್ರಿ. ಯಾಕ ಮಾರಿದಿ ಅಂತ ಒಂದು ಮಾತು ಕೇಳ್ರಿ," ಎಂದಳು.

"ಅದೇನು ಪ್ರಕ್ರಿಯೇನ? ಅದು ಹರಟಿ," ಎಂದರು ಕಾಕಾ.

"ಇಷ್ಟು ವರ್ಷ ಹರಟೀನ ಹೊಡದೀರಲ್ಲ ಇಬ್ಬರೂ. ಇನ್ನೊಂದು ದಿನ ಹೊಡೀರಿ."

"ಕರಾರು ಮುರದಾವನ ಮನಿ ಬಾಗಲಿಗೆ ನಾ ಹೋಗಲ್ಲ. ಎರಡನೇದ್ದಕ್ಕ ಹೋಗೂಣು. ಮಧ್ಯಸ್ಥಿಕಿ!"

ಅಂದೇ ಪ್ರೆಸ್ಸಿನ ಷಟರ್ ಇಳಿಯಿತು. ಅಂದೇ ದೋಸ್ತ ಮಾಮಾ ನಮ್ಮ ಮನೆಯ ಮಾತಿನಲ್ಲಿ 'ಸದರೀ ಎದುರುದಾರ' ಆದರು.

ಮಧ್ಯಸ್ಥಿಕೆ ಎಂದರೇನು ಎಂದು ತಿಳಿಯಲು ಕಾಕಾ ನನ್ನ ಕೈಯಿಂದ ಮೊಬೈಲಿನಲ್ಲಿ ಹುಡುಕಿಸಿದರು. ಹುಡುಕಿಸಬಾರದಿತ್ತು! ಲಗ್ನಪತ್ರಿಕೆಯ ಪ್ರೂಫು ನೋಡುತ್ತಿದ್ದ ಕಣ್ಣು ಈಗ ಜಗತ್ತಿನ ವ್ಯಾಜ್ಯವನ್ನೆಲ್ಲ ನೋಡತೊಡಗಿತು. ರಾಜಿ ಮಾಡಿಸುವ ಮಧ್ಯಸ್ಥರೇ ಬೇರೆ, ಎರಡೂ ಕಡೆ ಕೇಳಿ ತೀರ್ಪು ಕೊಡುವ ಆರ್ಬಿಟ್ರೇಟರೇ ಬೇರೆ ಎಂದು ತಿಳಿದ ದಿನ ಅವರು ಊಟದಲ್ಲಿ ಒಂದು ರೊಟ್ಟಿ ಜಾಸ್ತಿ ತಿಂದರು. ಸುಳ್ಳೇಕೆ ಹೇಳಲಿ, ನನಗೂ ಹುಚ್ಚು ಹಿಡಿಯಿತು. ಅವರು ಒಂದು ದೇಶ ಹಿಡಿದರೆ ನಾನೊಂದು ಹಿಡಿಯುತ್ತಿದ್ದೆ. ಕಾಲೇಜು ಕಲಿಸದ್ದನ್ನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕಲಿತೆವು.

ಆಮೇಲೆ ಮನೆಯಲ್ಲಿ ಯಾವ ಮಾತೂ ನೆಟ್ಟಗೆ ನಡೆಯಲಿಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಕಾಕಾ ಒಂದು ದಿನ ತಾಟು ಸರಿಸಿ, "ಇಟಲಿಯೊಳಗ ಆಗಿದ್ರ ಗೊತ್ತೈತೇನು? ಎಷ್ಟೋ ಥರದ ತಕರಾರಿಗೆ ಕೋರ್ಟಿಗೆ ಹೋಗೋಕಿಂತ ಮೊದಲ ಮಧ್ಯಸ್ಥರ ಮುಂದ ಕುಂಡ್ರಬೇಕು," ಎಂದರು.

ಕಾಕು ತಾಟು ಎತ್ತಿಕೊಂಡಳು. "ಹಂಗಾರ ಇಟಲಿಗೆ ಹೋಗಿ ಉಣ್ರಿ. ಇಲ್ಲಿ ನಂದ ಕೋರ್ಟು."

ಚೀನಾದಲ್ಲಿ ತೀರ್ಪು ಕೊಡಬೇಕಾದ ಆರ್ಬಿಟ್ರೇಟರೇ ನಡುವೆ ರಾಜಿಯನ್ನೂ ಮಾಡಿಸಬಹುದು, ರಾಜಿ ಆಗದಿದ್ದರೆ ಅವರೇ ತೀರ್ಪನ್ನೂ ಕೊಡಬಹುದು ಎಂದು ನಾನು ಓದಿ ಹೇಳಿದೆ. ಕಾಕಾ ತೊಡೆ ತಟ್ಟಿ ನಕ್ಕರು. "ಹಂಗಾರ ನಮ್ಮವ್ವ ಚೀನಾದಾಕಿ ಆದಳಲ್ಲವಾ! ಮೊದಲ ನನಗೂ ನಿಮ್ಮಪ್ಪಗೂ ಬೆಲ್ಲಾ ಕೊಟ್ಟು ರಾಜಿ ಮಾಡಸ್ತಿದ್ದಳು. ಆಗಲಿಲ್ಲಂದ್ರ ಇಬ್ಬರ ಬೆನ್ನಿಗೂ ತೀರ್ಪು!"

ಇಂಗ್ಲೆಂಡಿನಲ್ಲಿ ರಾಜಿಗೆ ಕರೆದಾಗ ಕಾರಣವಿಲ್ಲದೆ ಬರಲ್ಲ ಎಂದವರು ಮುಂದೆ ಕೇಸು ಗೆದ್ದರೂ ಖರ್ಚಿನ ವಿಷಯದಲ್ಲಿ ಕೋರ್ಟಿನಿಂದ ಪೆಟ್ಟು ತಿನ್ನಬಹುದು ಎಂದು ತಿಳಿದಾಗಲಂತೂ ಕಾಕಾನಿಗೆ ಆ ದೇಶದ ಮೇಲೆ ಪ್ರೀತಿಯೇ ಹುಟ್ಟಿತು. ನಮ್ಮ ದೇಶದಲ್ಲೂ ದೊಡ್ಡ ವ್ಯಾಪಾರದ ದಾವೆಗೆ, ತುರ್ತು ಇಲ್ಲದಿದ್ದರೆ, ಮೊದಲು ಮಧ್ಯಸ್ಥಿಕೆಗೇ ಹೋಗಬೇಕು ಎಂದೆ. "ಚಲೋ ಆತು. ನಾವೂ ಶಾಣ್ಯಾ ಆಗೇವಿ," ಎಂದರು. ಮನೆಯೊಳಗೆ ಯಾರು ಶಾಣ್ಯಾ ಆಗಬೇಕಿತ್ತು ಎಂದು ಕಾಕು ಒಲೆಯ ಕಡೆ ಮುಖ ಮಾಡಿ ಕೇಳಿದಳು.

ಸುದ್ದಿ ಪೇಟೆಗೆ ಮುಟ್ಟಿ ಕಾಕಾನ ಕಡೆ ಒಂದು ಖರೆ ತಕರಾರೇ ಬಂತು! ಶಿರಹಟ್ಟಿಯ ಶೇಂಗಾ ವ್ಯಾಪಾರಿ ಒಬ್ಬರು, ಗದಗಿನ ಎಣ್ಣೆ ಗಿರಣಿಯವರು ಒಬ್ಬರು. ತೋರಿಸಿದ ಮಾದರಿಯೇ ಬೇರೆ, ಬಂದ ಶೇಂಗಾವೇ ಬೇರೆ ಎಂಬ ಜಗಳ. ಕಾಕಾ ಹಿಗ್ಗಿ ಹೀರೇಕಾಯಿ ಆದರು. ಮಧ್ಯಸ್ಥರು ಒಬ್ಬೊಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂಡಿಸಿ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಂತೆ ಗುಟ್ಟಾಗಿ ಮಾತಾಡಿಸಬೇಕು ಎಂದು ಅವರು ಮೊಬೈಲಿನಲ್ಲಿ ಸಿಂಗಾಪುರದವರೊಬ್ಬರ ಭಾಷಣದಲ್ಲಿ ಕೇಳಿದ್ದರು. ನಮ್ಮ ಮನೆಯಲ್ಲಿರುವುದು ಪಡಸಾಲೆ ಮತ್ತು ಅಡುಗೆಮನೆ. ಶಿರಹಟ್ಟಿಯವರು ಪಡಸಾಲೆಯಲ್ಲಿ ಕೂತರು. ಗಿರಣಿಯವರು ಅಡುಗೆಮನೆಯಲ್ಲಿ, ಮಿರ್ಚಿ ಕರಿಯುತ್ತಿದ್ದ ಕಾಕುವಿನ ಪಕ್ಕದಲ್ಲಿ ಮಣೆ ಹಾಕಿ ಕೂತರು.

ಕಾಕಾ ಅಲ್ಲಿಂದಿಲ್ಲಿಗೆ ಓಡಾಡಿ ಸುಸ್ತಾಗಿ, ರಾಜಿಯ ಪ್ರಸ್ತಾವ ಬರೆಯಲು ಮಾಳಿಗೆ ಹತ್ತಿದರು. ಬರೆದು ಇಳಿದು ಬಂದರೆ ಪಡಸಾಲೆ ಖಾಲಿ! ಅಡುಗೆಮನೆಯೂ ಖಾಲಿ! ಮಿರ್ಚಿಯ ಬುಟ್ಟಿಯಂತೂ ಪೂರ್ತಿ ಖಾಲಿ.

"ಪಕ್ಷಗಾರರೆಲ್ಲೆ?"

"ಹೋದ್ರು," ಎಂದಳು ಕಾಕು. "ವಾಸನಿಗೆ ಶಿರಹಟ್ಟಿಯವರೂ ಒಳಗ ಬಂದ್ರು. ಇಬ್ಬರೂ ತಿಂದ್ರು. ಈ ಸಲದ್ದು ಬಿಡು, ಮುಂದಿನ ಸಲ ಚಲೋ ಮಾಲು ಕೊಡ್ತೀನಿ ಅಂದ್ರು ಅವರು. ಆತು ಅಂದ್ರು ಇವರು. ಚಾ ಕುಡದು ಹೋದ್ರು."

ಕಾಕಾ ಕೆಂಡವಾದರು. "ಪ್ರಕ್ರಿಯೆ ಆಗೇ ಇಲ್ಲ! ಅದ್ಹೆಂಗ ರಾಜಿ ಆಕ್ಕಾರ? ತಿರುಗಿ ಕರೀರಿ ಅವರನ್ನ!"

ನಾನು ಹೊಟ್ಟೆ ಹಿಡಿದು ನಕ್ಕೆ. ಕಾಕು ಮಾತ್ರ ನಗಲಿಲ್ಲ. ಬುಟ್ಟಿ ತೊಳೆಯುತ್ತ, "ಬೆಟಗೇರಿಗೆ ನಾಲ್ಕು ಮಿರ್ಚಿ ಕಟ್ಟಿ ಕೊಡ್ಲೇನ್ರಿ?" ಎಂದು ಕೇಳಿದಳು. ಕಾಕಾ ಕೇಳಿಸಿಕೊಳ್ಳದವರಂತೆ ಮತ್ತೆ ಮಾಳಿಗೆ ಹತ್ತಿದರು.

ಇತ್ತ ಅವರದೇ ವ್ಯಾಜ್ಯ ಎಲ್ಲಿಗೆ ಬಂದಿತ್ತು? ಊರು ಆರಿಸುವಲ್ಲಿಗೆ ಬಂದು ನಿಂತಿತ್ತು! ಮಧ್ಯಸ್ಥಿಕೆ ಯಾವ ಊರಲ್ಲಿ ಆಗಬೇಕು? ಗದಗ ಕಾಕಾನ ಊರು, ಬೆಟಗೇರಿ ಎದುರುದಾರರ ಊರು, ಎರಡೂ ನಡೆಯಲ್ಲ. ಬೇರೆ ಬೇರೆ ದೇಶದವರು ಜಗಳಾಡಿದಾಗ ಇಬ್ಬರದೂ ಅಲ್ಲದ ಮೂರನೇ ನೆಲಕ್ಕೆ ಹೋಗುತ್ತಾರಂತೆ. ಕಾಕಾ ಜಿಲ್ಲೆಯ ನಕಾಶೆ ಹಾಸಿಕೊಂಡು ಕೂತರು.

"ನೋಡವಾ, ಮುಂಡರಗಿ ನಮಗ ಲಂಡನ್ ಇದ್ದಂಗ. ಹಳೇ ವ್ಯಾಪಾರಸ್ಥರ ಊರು. ಶಿರಹಟ್ಟಿ ಸ್ವಿಟ್ಜರ್ಲೆಂಡು, ಯಾರ ಗೊಡವಿಗೂ ಹೋಗಲ್ಲ. ಲಕ್ಷ್ಮೇಶ್ವರ ಸಿಂಗಾಪುರ."

"ಲಕ್ಷ್ಮೇಶ್ವರ ಯಾಕ್ರಿ ಕಾಕಾ?"

"ಬಸ್ಸು ಭಾಳ ಅದಾವ."

ಮೊದಲು ಲಂಡನ್ ಪರೀಕ್ಷೆ ಆಯಿತು. ಮುಂಡರಗಿಯ ಹಳೆಯ ಹತ್ತಿ ದಲಾಲರೊಬ್ಬರು ಮಧ್ಯಸ್ಥರಾಗಲು ಒಪ್ಪಿದರು. ಆದರೆ ದೋಸ್ತ ಮಾಮಾನ ಸೊಸೆಯ ತವರು ಮುಂಡರಗಿ! ಪಕ್ಷಪಾತದ ಸಂಶಯ ಬಂದು ಲಂಡನ್ ಬಿತ್ತು. ಆಮೇಲೆ ಸ್ವಿಟ್ಜರ್ಲೆಂಡಿಗೆ, ಅಂದರೆ ಶಿರಹಟ್ಟಿಗೆ ಹೋದೆವು. ಅಲ್ಲಿಯ ಹಿರಿಯರು ಕಾಕಾನನ್ನು ನೋಡಿದ್ದೇ, "ನೀವೇ ಅಲ್ಲೇನು ನನ್ನ ಮಗಳ ಲಗ್ನಪತ್ರಿಕಿಯೊಳಗ ಮುಂಜಾನೆ ಮುಹೂರ್ತ ಹೋಗಿ ಸಂಜಿಗೆ ಅಂತ ಅಚ್ಚ ಹಾಕಿದಾವರು? ಬೀಗರು ಅಕ್ಷತಾ ಹಾಕಾಕ ಬಂದಾಗ ಇಲ್ಲಿ ಚಪ್ಪರ ಬಿಚ್ಚಾಕ ಹತ್ತಿದ್ರು!" ಎಂದರು. ಅವರಿಂದ ನಿಷ್ಪಕ್ಷಪಾತ ಬಯಸುವುದು ಹೇಗೆ? ನೀರು ಕುಡಿದು ಎದ್ದು ಬಂದೆವು.

ಹೀಗೆ ಊರು ಹುಡುಕುವುದರಲ್ಲೇ ಬೇಸಿಗೆಗಳು ಬಂದು ಹೋದವು. ಒಮ್ಮೆ ಕಾಕು ಸಹಿಸಲಾರದೆ ತಾನೇ ದೋಸ್ತ ಮಾಮಾನಿಗೆ ಫೋನು ಹಚ್ಚಿದಳು. ಗಂಟೆ ಹೊಡೆದುಕೊಂಡೇ ಹೋಯಿತು, ಯಾರೂ ಎತ್ತಲಿಲ್ಲ. "ನೋಡಿದ್ಯಾ? ಸಹಕಾರಾನ ಇಲ್ಲ," ಎಂದರು ಕಾಕಾ. ಇನ್ನೊಮ್ಮೆ ಬೆಟಗೇರಿಯ ನೇಕಾರರೊಬ್ಬರು ಬಂದು, "ನಿಮ್ಮ ದೋಸ್ತರು ಚಾ ಕುಡಿಯಾಕ ಬಾ ಅಂತ ಹೇಳು ಅಂದಾರ್ರಿ," ಎಂದರು. ಕಾಕಾನ ಮುಖ ಒಂದು ಗಳಿಗೆ ಅರಳಿತು. ನಾನೇ ನೋಡಿದ್ದೇನೆ. ಚಪ್ಪಲಿಯ ಕಡೆ ಕಣ್ಣೂ ಹೋಯಿತು. ಅಷ್ಟರಲ್ಲಿ ಏನು ನೆನಪಾಯಿತೋ, ಬೆನ್ನು ನೆಟ್ಟಗೆ ಮಾಡಿ, "ಮಧ್ಯಸ್ಥರು ನೇಮಕ ಆಗೂತನಾ ಉಭಯತರು ಖಾಸಗಿ ಸಂಪರ್ಕ ಮಾಡಬಾರದು ಅಂತ ಹೇಳ್ರಿ," ಎಂದರು. ಇಂಥ ನಿಯಮ ಯಾವ ದೇಶದಲ್ಲಿದೆ ಎಂದು ನಾನು ಇವತ್ತಿಗೂ ಹುಡುಕುತ್ತಿದ್ದೇನೆ. ಸಿಕ್ಕಿಲ್ಲ.

ಕೊನೆಗೆ ಸಿಂಗಾಪುರವೇ ಗೆದ್ದಿತು. ಲಕ್ಷ್ಮೇಶ್ವರದ ನಿವೃತ್ತ ಮಾಸ್ತರರೊಬ್ಬರು, ಇಬ್ಬರಿಗೂ ಸಂಬಂಧವಿಲ್ಲದವರು, ಇಬ್ಬರ ಕಡೆಯೂ ಏನನ್ನೂ ಅಚ್ಚು ಹಾಕಿಸದವರು, ಒಪ್ಪಿದರು. ಕಾಕಾ ದಿನ ಗೊತ್ತು ಮಾಡಿ ಬೆಟಗೇರಿಗೆ ನೋಟಿಸು ಕಳಿಸಿದರು. ಮರುವಾರ ದೋಸ್ತ ಮಾಮಾನ ಸೊಸೆ ಫೋನು ಮಾಡಿದಳು.

"ಮಾವಾರು ಬರ್ತಾರಂತ್ರಿ. ಕಾಕಾರ, ಒಂದು ಮಾತ್ರಿ. ಅವರ ಜೋಡಿ ಮಾತಾಡೂವಾಗ..."

"ಏನಿದ್ರೂ ಮಧ್ಯಸ್ಥರ ಮುಂದ ಹೇಳ್ಲಿ ಬಿಡ್ರೆವಾ," ಎಂದು ಕಾಕಾ ಫೋನು ಇಟ್ಟುಬಿಟ್ಟರು. ಅವಳು ಏನು ಹೇಳುವವಳಿದ್ದಳು ಎಂದು ಒಂದು ಗಳಿಗೆ ಕೇಳಿಸಿಕೊಂಡಿದ್ದರೆ!

ಆ ದಿನ ಬಂತು. ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು, ದೇಶದೇಶಗಳ ಪದ್ಧತಿ ಬರೆದುಕೊಂಡ ಹಾಳೆಗಳನ್ನು ಬಗಲಲ್ಲಿಟ್ಟುಕೊಂಡು ನನ್ನ ಜೊತೆ ಬಸ್ಸು ಹತ್ತಿದರು. ಹತ್ತಿ ನೋಡಿದರೆ ಹಿಂದಿನ ಸೀಟಿನಲ್ಲಿ ದೋಸ್ತ ಮಾಮಾ! ಇರುವುದು ಅದೇ ದಾರಿ, ಹೋಗಬೇಕಾದ್ದು ಅದೇ ಊರು, ಇನ್ನೆಲ್ಲಿ ಕೂರುತ್ತಾರೆ? ಅವರು ತೆಳ್ಳಗಾಗಿದ್ದರು. ನಮ್ಮನ್ನು ನೋಡಿ ನಕ್ಕರು. ನನಗೆ ನಗು ತಡೆಯಲಾಗಲಿಲ್ಲ, ಕಾಕಾ ತಡೆದುಕೊಂಡರು. ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು, ತಿರುಗಿ ನೋಡಬೇಡ ಎಂದು ನನಗೆ ಸನ್ನೆ ಮಾಡಿದರು. ಮುಳಗುಂದ ದಾಟಿತು. ಹಿಂದೆ ಕಂಡಕ್ಟರ್, "ಅಜ್ಜಾರ, ಎಲ್ಲಿಗೆ? ಓ ಅಜ್ಜಾರ! ಎಲ್ಲಿಗ್ರೀ?" ಎಂದು ಕೂಗುತ್ತಿದ್ದ. ದೋಸ್ತ ಮಾಮಾ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

ಕಾಕಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು, "ನೋಡು ಸೊಕ್ಕು. ಕಂಡಕ್ಟರಗೂ ಮಾತಾಡವಲ್ಲ."

ಲಕ್ಷ್ಮೇಶ್ವರದಲ್ಲಿ ಇಳಿದು, ಒಬ್ಬರ ಹಿಂದೆ ಒಬ್ಬರು ಮಾಸ್ತರರ ಮನೆ ಮುಟ್ಟಿದೆವು. ಬಾಗಿಲಿಗೆ ಬೀಗ! ಪಕ್ಕದ ಮನೆಯ ಹೆಣ್ಣುಮಗಳು ಅಂಗಳದಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದವಳು ತಲೆ ಎತ್ತಿದಳು. "ಮಾಸ್ತರ ಬೆಳ್ಳಟ್ಟಿಗೆ ಹೋಗ್ಯಾರ್ರಿ, ಬೀಗರ ಮನ್ಯಾಗ ನಿಶ್ಚಯ ಐತಂತ. ಬರೂದು ಸಂಜಿ ಆಕ್ಕೈತಿ. ನೀವು ಬರೂದು ಮರತಾರೋ ಏನೋ. ಕಟ್ಟಿ ಮ್ಯಾಲ ಕುಂಡ್ರಿ, ನೀರು ತರ್ತೀನಿ."

ಸಿಂಗಾಪುರ ಹೀಗೆ ಕೈಕೊಟ್ಟಿತು! ಕಟ್ಟೆಯ ಒಂದು ತುದಿಗೆ ಕಾಕಾ, ಇನ್ನೊಂದು ತುದಿಗೆ ದೋಸ್ತ ಮಾಮಾ, ನಡುವೆ ನಾನು ಕೂತೆವು. ಕಾಕಾ ಹಾಳೆ ತಿರುವಿದರು, ಮಡಚಿದರು, ಮತ್ತೆ ತೆರೆದರು. ಮಧ್ಯಸ್ಥರಿಲ್ಲದೆ ಮಾತಾಡಬಾರದು. ಆದರೆ ಇಷ್ಟು ವರ್ಷ ಕೂಡಿಟ್ಟ ಮಾತು ಸುಮ್ಮನಿರುತ್ತದೆಯೇ? ತಡೆಯದೆ ಶುರು ಮಾಡಿಯೇಬಿಟ್ಟರು. ಕರಾರಿನ ಕಲಮು, ಸಹಿ, ಲಂಡನ್ನಿನ ಪದ್ಧತಿ, ಜಪಾನಿನಲ್ಲಿ ನ್ಯಾಯಾಧೀಶರ ಜೊತೆ ಊರ ಹಿರಿಯರೂ ಕೂತು ರಾಜಿ ಮಾಡಿಸುವುದು, ಒಂದೂ ಬಿಡಲಿಲ್ಲ. ದನಿ ಮಾತ್ರ ತಗ್ಗಿತ್ತು, ಪಕ್ಕದವರಿಗೆ ಕೇಳಬಾರದಲ್ಲ! ನಾನು ಅಷ್ಟು ಚೆಂದದ ವಾದವನ್ನು ಇನ್ನೆಲ್ಲೂ ಕೇಳಿಲ್ಲ. ದೋಸ್ತ ಮಾಮಾ ಅವರ ಮುಖವನ್ನೇ ನೋಡುತ್ತ, ನಸುನಗುತ್ತ ಕೂತಿದ್ದರು.

ಕಾಕಾ ಮುಗಿಸಿ ಬೆವರು ಒರೆಸಿಕೊಂಡರು. "ಇದಕ್ಕೇನಂತಿ?"

ದೋಸ್ತ ಮಾಮಾ ನನ್ನನ್ನು ದಾಟಿ ಸರಿದು ಅವರ ಪಕ್ಕಕ್ಕೇ ಬಂದು ಕೂತರು. "ಏನರ ಅಂದೇನಲೇ? ಕಿವಿ ಹೋಗ್ಯಾವ ನನ್ನವು. ಎರಡೂ. ಏನೂ ಕೇಳೂದಿಲ್ಲ."

ಕಾಕಾನ ಕೈಯಿಂದ ಲಂಡನ್ ಕೆಳಗೆ ಬಿತ್ತು, ಜಪಾನ್ ಗಾಳಿಗೆ ಹಾರಿತು. ನಾನು ಎತ್ತಿಕೊಳ್ಳಲಿಲ್ಲ. ಇಡೀ ಬೆಟಗೇರಿಗೆ ಗೊತ್ತಿದ್ದ ಸಂಗತಿ ಅದು. ಬರೀ ನೋಟಿಸಿನಲ್ಲಿ ಮಾತಾಡುತ್ತಿದ್ದ ನಮಗೆ ಮಾತ್ರ ಗೊತ್ತಿರಲಿಲ್ಲ. ಕಿವುಡಾದವರು ಫೋನು ಎತ್ತುವುದಾದರೂ ಹೇಗೆ?

"ಸಿಟ್ಟಾಗೀದಿ ಅಂತ ಗೊತ್ತೈತಿ," ಎಂದರು ದೋಸ್ತ ಮಾಮಾ. ತಮ್ಮ ದನಿ ತಮಗೆ ಕೇಳದವರ ಮಾತು ಓಣಿಯ ತುದಿಯವರೆಗೂ ಹೋಗುತ್ತಿತ್ತು. "ಆಗ್ಲಿ ಅಂತನ ಮಾರಿದ್ನಿ. ನಿನ್ನ ಕೈ ತಡಾ ಮಾಡಾಕ ಹತ್ತಿತ್ತಲೇ. ಹಾಳಿ ಇಟ್ಟು ತಗಿಯೂದ್ರಾಗ ಮಷಿನ್ ಬಾಯಿ ಮುಚ್ಚಾಕ ಬರ್ತಿತ್ತು. ನೀ ನೋಡಿಲ್ಲ, ನಾ ನೋಡೀನಿ. ನಡಗತೈತಿ, ಬಿಡು ಅಂದ್ರ ನೀ ಬಿಡ್ತಿದ್ದೇನು? ಮಂದಿ ಮುಂದ ಹಂಗಂದ್ರ ನಿನಗ ಅವಮಾನ. ನೀ ಲಗ್ನಕ್ಕ ಹೋಗಿದ್ದಿ. ಕಳದಬಿಟ್ಟೆ. ಬಂದು ನಾಲ್ಕು ಬೈತಾನ, ಆಮ್ಯಾಲ ಚಾ ಕುಡೀತಾನ ಅಂತ ಮಾಡಿದ್ನಿ. ನೀ ಬರ್ಲೇ ಇಲ್ಲ."

ಹಾಗೆಂದು ಕಾಕಾನ ಬಲಗೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ಹೆಬ್ಬೆರಳಿನಿಂದ ಹಿಡಿದು ಒಂದೊಂದೇ ಬೆರಳನ್ನು ಮುಟ್ಟಿ ಮುಟ್ಟಿ ನೋಡಿದರು. "ಎಲ್ಲಾ ಅದಾವ," ಎಂದು ತಮಗೆ ತಾವೇ ಹೇಳಿಕೊಂಡರು.

ಕಾಕಾ ದೋಸ್ತನ ಕೈಯನ್ನೇ ಗಟ್ಟಿಯಾಗಿ ಹಿಡಿದರು. ಸಣ್ಣ ದನಿಯಲ್ಲಿ ಅಂದರು, "ತಪ್ಪಾತಲೇ."

"ಆಂ?"

"ನಂದ ತಪ್ಪಾತು."

"ಆಂ? ಜೋರಾಗಿ ಹೇಳು."

"ತಪ್ಪಾತಲೇ ದೋಸ್ತಾ! ತಪ್ಪಾತು! ಬಂದು ಕೇಳಬೇಕಾಗಿತ್ತು ನಾ!"

ಮೆಣಸಿನಕಾಯಿ ಆರಿಸುತ್ತಿದ್ದವಳು ನೀರಿನ ತಂಬಿಗೆ ಹಿಡಿದು ಅಲ್ಲೇ ನಿಂತಳು. ಎದುರು ಮನೆಯ ಬಾಗಿಲು ತೆರೆಯಿತು. ಸೈಕಲ್ಲಿನವರೊಬ್ಬರು ಕಾಲೂರಿ ನಿಂತರು. ಪಕ್ಕದವರಿಗೆ ಕೇಳಬಾರದೆಂದು ದನಿ ತಗ್ಗಿಸಿದ್ದ ನಮ್ಮ ಕಾಕಾ ಲಕ್ಷ್ಮೇಶ್ವರದ ನಡುಬೀದಿಯಲ್ಲಿ ಕೂಗಿ ಕೂಗಿ ಹೇಳಿದರು, ದನಿ ಒಡೆಯುವವರೆಗೂ ಹೇಳಿದರು. ಓಣಿಯ ಎಲ್ಲರಿಗೂ ಕೇಳಿಸಿತು. ಕೇಳಿಸಬೇಕಾದ ಒಬ್ಬರನ್ನು ಬಿಟ್ಟು.

ದೋಸ್ತ ಮಾಮಾ ಕೈ ಅಡ್ಡ ಮಾಡಿ, "ಇರ್ಲಿ ಬಿಡು. ಏನೋ ಚಲೋದ ಅನ್ನಾಕತ್ತೀದಿ, ನಿನ್ನ ಮಾರಿ ನೋಡಿದ್ರ ಗೊತ್ತಾಕ್ಕೈತಿ," ಎಂದು ಹೆಗಲ ಮೇಲಿನ ವಸ್ತ್ರದಿಂದ ಕಾಕಾನ ಕಣ್ಣು ಒರೆಸಿದರು.

ನಿಮ್ಮ ಮನೆಯಲ್ಲೂ ಇಂಥವರಿದ್ದಾರೆಯೇ? ಮೆಲ್ಲಗೆ ಅಂದಿದ್ದರೂ ಸಾಕಾಗುತ್ತಿದ್ದ ಮಾತನ್ನು ನೀವೂ ತಡಮಾಡಿ ಕೂಗಿದ್ದುಂಟೇ, ಅಥವಾ ಸಮಯ ಇದ್ದಾಗಲೇ ಹೋಗಿ ಹೇಳಿ ಬಂದಿರಾ? ಹೇಗೆ ಹೇಳಿದಿರಿ, ಅವರೇನೆಂದರು, ನನಗೆ ಬರೆದು ತಿಳಿಸಿ. ಕಾಕಾನಿಗೂ ಓದಿ ಹೇಳುತ್ತೇನೆ.